ಪೈಲಟ್ ಆಗುವವರು ಯಾರು?

1942ರ ಜನವರಿಯಲ್ಲಿ ಅಮೆರಿಕದ ಸೇನಾ ವಾಯುಪಡೆ ತನ್ನ ಹಳೆಯ ನಿಯಮವೊಂದನ್ನು ಕೈಬಿಟ್ಟಿತು. ಕೆಡೆಟ್, ಅಂದರೆ ಹಾರಾಟದ ತರಬೇತಿ ಪಡೆಯುವ ಅಭ್ಯರ್ಥಿ, ಆಗಬೇಕಾದರೆ ಎರಡು ವರ್ಷ ಕಾಲೇಜು ಓದಿರಲೇಬೇಕು ಎನ್ನುವ ನಿಯಮ ಅದು. ಪರ್ಲ್ ಹಾರ್ಬರ್ ದಾಳಿ ನಡೆದು ಆಗಿನ್ನೂ ತಿಂಗಳಷ್ಟೇ ಆಗಿತ್ತು. ಸಾವಿರಗಟ್ಟಲೆ ಪೈಲಟ್‌ಗಳು ಬೇಕಿದ್ದರು. ಅದಕ್ಕೇ ಕಾಲೇಜಿನ ಬದಲು ಒಂದು ಲಿಖಿತ ಪರೀಕ್ಷೆ ಬಂತು.

ಅದರಲ್ಲಿ ಪಾಸಾದ ಹುಡುಗರು ಸ್ಯಾನ್ ಆಂಟೋನಿಯೊ, ನ್ಯಾಶ್‌ವಿಲ್, ಸಾಂಟಾ ಆನಾಗಳಲ್ಲಿದ್ದ ವರ್ಗೀಕರಣ ಕೇಂದ್ರಗಳಿಗೆ ಹೋಗುತ್ತಿದ್ದರು. ಪೈಲಟ್, ನ್ಯಾವಿಗೇಟರ್ (ದಾರಿ ಲೆಕ್ಕ ಹಾಕುವವನು), ಬಾಂಬಾರ್ಡಿಯರ್ (ಗುರಿಯಿಟ್ಟು ಬಾಂಬ್ ಹಾಕುವವನು) ಈ ಮೂರರಲ್ಲಿ ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಅನ್ನುವುದನ್ನು ಅಲ್ಲಿ ನೋಡುತ್ತಿದ್ದರು. ಪರೀಕ್ಷೆಗಳನ್ನು ರೂಪಿಸಿದ್ದು ಜಾನ್ ಫ್ಲಾನಗನ್ ಎಂಬ ಮನೋವಿಜ್ಞಾನಿಯ ತಂಡ.

ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡೋಣ. ಹುಡುಗ ಕುರ್ಚಿಯಲ್ಲಿ ಕೂತಿದ್ದಾನೆ. ಕೈಯಲ್ಲಿ ವಿಮಾನದ್ದೇ ತರಹದ ಕೋಲು, ಕಾಲ ಕೆಳಗೆ ಪೆಡಲ್. ಎದುರಿನ ಹಲಗೆಯಲ್ಲಿ ಮೂರು ಕಡೆ ಕೆಂಪು ದೀಪ ಹತ್ತುತ್ತದೆ. ಕೋಲನ್ನು ಹಿಂದೆ ಮುಂದೆ, ಅಕ್ಕಪಕ್ಕ ಆಡಿಸಿ, ಪೆಡಲ್ ಒತ್ತಿ, ಪ್ರತಿ ಕೆಂಪು ದೀಪಕ್ಕೂ ಸರಿಯಾಗಿ ಹಸಿರು ದೀಪ ತಂದು ನಿಲ್ಲಿಸಬೇಕು. ಮೂರೂ ಹೊಂದಿದ ಕೂಡಲೇ ಹೊಸ ಜೋಡಣೆ ಬರುತ್ತದೆ. ಕೈ, ಕಾಲು, ಕಣ್ಣು ಒಟ್ಟಿಗೆ ಓಡಬೇಕು.

ಇಂಥ ಹಲವು ಪರೀಕ್ಷೆಗಳ ಅಂಕ ಕೂಡಿಸಿ 1ರಿಂದ 9ರವರೆಗಿನ ಒಂದು ಸಂಖ್ಯೆ ಕೊಡುತ್ತಿದ್ದರು. ಅದರ ಹೆಸರು ಸ್ಟೇನೈನ್. ಪೈಲಟ್‌ಗೆ ಒಂದು ಸ್ಟೇನೈನ್, ನ್ಯಾವಿಗೇಟರ್‌ಗೆ ಇನ್ನೊಂದು. ಲೆಕ್ಕದಲ್ಲಿ ಚುರುಕಾದವನಿಗೆ ನ್ಯಾವಿಗೇಟರ್ ಅಂಕ ಜಾಸ್ತಿ ಬರುತ್ತಿತ್ತು.

ಆದರೆ ಈ ಅಂಕವನ್ನು ನಂಬುವುದು ಹೇಗೆ? ಕಡಿಮೆ ಅಂಕದವರನ್ನು ಬಾಗಿಲಲ್ಲೇ ವಾಪಸ್ ಕಳಿಸಿದರೆ ಅವರು ಸೋಲುತ್ತಿದ್ದರೋ ಇಲ್ಲವೋ ಗೊತ್ತಾಗುವುದೇ ಇಲ್ಲ, ಅಲ್ವಾ? ಅದಕ್ಕೇ 1943ರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು, ಅಂಕ ಎಷ್ಟೇ ಇರಲಿ, ಪೈಲಟ್ ತರಬೇತಿಗೆ ಕಳಿಸಿದರು. ಇಡೀ ಕಾರ್ಯಕ್ರಮದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ. ಯುದ್ಧದ ಗಡಿಬಿಡಿಯಲ್ಲೂ ತಮ್ಮ ಅಳತೆಗೋಲನ್ನೇ ಅವರು ಅಳೆದು ನೋಡಿದರು. ಅಂಕವನ್ನು ನಂಬಬಹುದು ಎಂದು ಅದರಿಂದ ಗೊತ್ತಾಯಿತು. ಯುದ್ಧಕಾಲದ ಒಟ್ಟು ದಾಖಲೆಯೂ ಅದೇ ಮಾತು ಹೇಳಿತು: ಹಾರಾಟದ ಮೊದಲ ಹಂತದಲ್ಲೇ ಹೊರಬಿದ್ದವರು ಸ್ಟೇನೈನ್ 9ರಲ್ಲಿ ಶೇ. 4, ಸ್ಟೇನೈನ್ 1ರಲ್ಲಿ ಶೇ. 77.

ಆಯ್ಕೆಯಾದವರೂ ತಕ್ಷಣ ವಿಮಾನ ಹತ್ತುತ್ತಿರಲಿಲ್ಲ. ಅದಕ್ಕೆ ಮುಂಚೆ ಕೆಲವು ವಾರ ಪ್ರೀಫ್ಲೈಟ್ ಶಾಲೆ. ಗಣಿತ, ಭೌತಶಾಸ್ತ್ರ, ಮೋರ್ಸ್ ಸಂಕೇತ, ಕವಾಯತು ಎಲ್ಲವೂ ಇತ್ತು. ಶತ್ರು ವಿಮಾನವನ್ನು ಆಕಾರ ನೋಡಿಯೇ ಗುರುತಿಸಲೂ ಕಲಿಸುತ್ತಿದ್ದರು. ಗಾಳಿಯ ಒತ್ತಡ ಇಳಿಸಿದ ಕೋಣೆಯಲ್ಲಿ ಕೂರಿಸುವ ಪಾಠವೂ ಇತ್ತು. ಅಲ್ಲಿ ಆಕ್ಸಿಜನ್ ಮಾಸ್ಕ್ ತೆಗೆಸಿ ಏನಾದರೂ ಬರೆಯಲು ಹೇಳಿದರೆ, ಸ್ವಲ್ಪ ಹೊತ್ತಿಗೆ ಅಕ್ಷರ ಸೊಟ್ಟಗಾಗಿ ಬರೀ ಗೀಚು ಉಳಿಯುತ್ತದೆ. ಬರೆಯುವವನಿಗೆ ಮಾತ್ರ ತಾನು ಚೆನ್ನಾಗಿಯೇ ಬರೆಯುತ್ತಿದ್ದೇನೆ ಅನ್ನಿಸುತ್ತಿರುತ್ತದೆ. ಆಕ್ಸಿಜನ್ ಕೊರತೆಯ ನಿಜವಾದ ಅಪಾಯ ಇದೇ. ಅದನ್ನು ನೆಲದ ಮೇಲೇ ಅನುಭವಿಸಿದವನು ಮೇಲೆ ಹೋದಾಗ ಮಾಸ್ಕ್ ಸಡಿಲ ಬಿಡುವುದಿಲ್ಲ.

ಇಂದಿಗೂ ನಮ್ಮಲ್ಲಿ, ಮೈಸೂರಿನ ಭಾರತೀಯ ವಾಯುಪಡೆ ಆಯ್ಕೆ ಮಂಡಳಿಗೆ ಪೈಲಟ್ ಆಗಲು ಹೋಗುವವರ ಕೈ, ಕಣ್ಣುಗಳ ಹೊಂದಾಣಿಕೆಯನ್ನು ಪರೀಕ್ಷಿಸುತ್ತಾರೆ, ಈಗ ಕಂಪ್ಯೂಟರ್ ಮೇಲೆ. ಆ ಪರೀಕ್ಷೆಗೆ ಎರಡನೇ ಅವಕಾಶ ಇಲ್ಲ.