ಅಳತೆಯನ್ನೂ ಅಳೆಯಬೇಕು: ಗೇಜ್ ಆರ್ ಅಂಡ್ ಆರ್ ಬಂದ ದಾರಿ

ಒಂದು ಶಾಫ್ಟ್ (ಯಂತ್ರದ ದಂಡ) ರಿಜೆಕ್ಟ್ ಆಯಿತು ಅಂದರೆ ಮೊದಲು ಬೈಸಿಕೊಳ್ಳುವುದು ಲೇತ್ ಆಪರೇಟರ್. ಮೈಕ್ರೋಮೀಟರ್ ತೋರಿಸಿದ ಅಂಕಿಯನ್ನು ಎಷ್ಟು ನಂಬಬಹುದು ಅಂತ ಕೇಳುವವರು ಕಡಿಮೆ. ಇದು ಅನ್ಯಾಯ ಅಂತಲೇ ನನ್ನ ಅನಿಸಿಕೆ. ಆ ಪ್ರಶ್ನೆ ಕೇಳುವ ಪರೀಕ್ಷೆಯೇ ಗೇಜ್ ಆರ್ ಅಂಡ್ ಆರ್: ಅಳತೆಯ ಏರಿಳಿತದಲ್ಲಿ ಉಪಕರಣದ್ದು ಎಷ್ಟು, ಅಳೆಯುವವರದ್ದು ಎಷ್ಟು ಅಂತ ನೋಡುವುದು.

ಹಿಂದೆ ಎಲ್ಲರ ಗಮನ ಇದ್ದದ್ದು ಉಪಕರಣದ ಮೇಲೆ. ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೊಹಾನ್ಸನ್ 1890ರ ದಶಕದಲ್ಲಿ ಗೇಜ್ ಬ್ಲಾಕ್ ಸೆಟ್ (ನಿಖರ ಉದ್ದದ ಉಕ್ಕಿನ ತುಂಡುಗಳು) ರೂಪಿಸಿದರು. 1931ರಲ್ಲಿ ಉದ್ದದ ಅಳತೆಗೆ ಆಧಾರ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಅಂತ ಗೊತ್ತುಪಡಿಸಲಾಯಿತು. ಅದಕ್ಕೆ ಕಾರಣ ಇದೆ: 100 ಮಿ.ಮೀ. ಉಕ್ಕಿನ ಶಾಫ್ಟ್ 10 ಡಿಗ್ರಿ ಬಿಸಿಯಾದರೆ ಸುಮಾರು 11 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಉದ್ದವಾಗುತ್ತದೆ. ಮೆಷಿನ್‌ನಿಂದ ಈಗಷ್ಟೇ ಇಳಿಸಿದ್ದನ್ನು ಅಳೆದರೆ ಒಂದು ಅಂಕಿ, ಊಟ ಮುಗಿಸಿ ಬಂದು ಅಳೆದರೆ ಇನ್ನೊಂದು.

ಆದರೆ ಉಪಕರಣ ಸರಿ ಇದ್ದ ಮಾತ್ರಕ್ಕೆ ಆಗಲಿಲ್ಲ. ಒಬ್ಬರು ಮೈಕ್ರೋಮೀಟರಿನ ತಿರುಗುವ ಹಿಡಿ, ಅಂದರೆ ಥಿಂಬಲ್ಲನ್ನೇ ಹಿಡಿದು ಬಿಗಿ ಮಾಡುತ್ತಾರೆ. ಇನ್ನೊಬ್ಬರು ತುದಿಯ ರ‍್ಯಾಚೆಟ್ (ಒತ್ತಡ ಮಿತಿಯಲ್ಲಿಡುವ ತಿರುಪು) ಟಿಕ್ ಟಿಕ್ ಅಂದ ಕೂಡಲೇ ನಿಲ್ಲಿಸುತ್ತಾರೆ. ಶಾಫ್ಟ್ ಅದೇ, ಮೈಕ್ರೋಮೀಟರ್ ಅದೇ, ಅಂಕಿ ಮಾತ್ರ ಬೇರೆ.

1924ರಲ್ಲಿ ಬೆಲ್ ಸಂಸ್ಥೆಯ ವಾಲ್ಟರ್ ಶೂಹಾರ್ಟ್ ತಯಾರಿಕೆಯ ಏರಿಳಿತಕ್ಕೆ ಕಂಟ್ರೋಲ್ ಚಾರ್ಟ್ (ಏರಿಳಿತ ಮಿತಿಯೊಳಗಿದೆಯೇ ಅಂತ ತೋರಿಸುವ ನಕ್ಷೆ) ಕೊಟ್ಟರು. ಉಪಕರಣದ ಏರಿಳಿತ ಎಷ್ಟು, ವಸ್ತುವಿನದು ಎಷ್ಟು ಅಂತ ಬಿಡಿಸುವ ಲೆಕ್ಕವನ್ನು 1948ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾಂಕ್ ಗ್ರಬ್ಸ್ ತೋರಿಸಿದರು. 1963ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಚರ್ಚಿಲ್ ಐಸೆನ್‌ಹಾರ್ಟ್ ಇನ್ನೂ ಖಡಕ್ಕಾಗಿ ಹೇಳಿದರು: ಅಳತೆಯ ಕ್ರಿಯೆ ಹತೋಟಿಯಲ್ಲಿ ಇಲ್ಲದಿದ್ದರೆ ಅದು ಏನನ್ನೂ ಅಳೆಯುತ್ತಿಲ್ಲ ಎಂದೇ ಅರ್ಥ.

ಅಳತೆಯನ್ನೂ ಪರೀಕ್ಷಿಸುವುದು ಶಾಪ್ ಫ್ಲೋರ್‌ಗೆ ನಿಯಮವಾಗಿ ಬಂದದ್ದು ಕಾರು ಕಂಪನಿಗಳಿಂದ. ಕ್ರೈಸ್ಲರ್, ಫೋರ್ಡ್, ಜನರಲ್ ಮೋಟಾರ್ಸ್ ಸೇರಿ ರೂಪಿಸಿದ ಎಂಎಸ್‌ಎ (ಅಳತೆ ವ್ಯವಸ್ಥೆಯ ವಿಶ್ಲೇಷಣೆ) ಕೈಪಿಡಿ 1990ರಲ್ಲಿ ಹೊರಬಂತು. 1994ರ ಕ್ಯೂಎಸ್ 9000, ಆಮೇಲೆ 2016ರ ಐಎಟಿಎಫ್ 16949 ಎಂಬ ವಾಹನ ಉದ್ಯಮದ ಗುಣಮಟ್ಟ ಮಾನಕಗಳ ಮೂಲಕ ಅದು ಬಿಡಿಭಾಗ ಪೂರೈಸುವವರ ಮೇಲೂ ಬಂತು. ಪೀಣ್ಯದ ಕಾರ್ಖಾನೆಗಳಲ್ಲೂ ಆಡಿಟರ್ ಇದನ್ನೇ ಕೇಳುವುದು.

ರೂಢಿಯ ವಿಧಾನ ಹೀಗಿದೆ. 10 ಬಿಡಿಭಾಗ, 3 ಆಪರೇಟರ್, ಪ್ರತಿಯೊಬ್ಬರೂ ಎರಡು ಮೂರು ಸಲ ಅಳೆಯಬೇಕು. ಭಾಗದ ನಂಬರ್ ಅವರಿಗೆ ಕಾಣಬಾರದು, ಕ್ರಮವೂ ಬದಲಾಗಬೇಕು. ಒಬ್ಬರೇ ಮತ್ತೆ ಮತ್ತೆ ಅಳೆದಾಗ ಬರುವ ವ್ಯತ್ಯಾಸ ರಿಪೀಟಬಿಲಿಟಿ. ಆಪರೇಟರ್ ಬದಲಾದಾಗ ಬರುವುದು ರಿಪ್ರೊಡ್ಯುಸಿಬಿಲಿಟಿ. ಹೆಸರಿನಲ್ಲಿರುವ ಈ ಎರಡು ‘ಆರ್’ ಸೇರಿ ಒಟ್ಟು ಏರಿಳಿತದ ಶೇ 10ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, ಶೇ 30 ದಾಟಿದರೆ ಬೇಡ. ನಡುವೆ ಬಂದರೆ ಬಳಕೆ ನೋಡಿ ತೀರ್ಮಾನ.

ಈ ಶೇಕಡಾ ಲೆಕ್ಕದಲ್ಲೇ ಜಾಸ್ತಿ ಜನ ಎಡವುತ್ತಾರೆ. ಅಳತೆಯ ಪಾಲು ಶೇ 30 ಅಂದರೆ ಭಾಗಗಳ ಪಾಲು ಶೇ 70 ಆಗಬೇಕು, ಅಲ್ವಾ? ಆಗುವುದಿಲ್ಲ, ಅದು ಸುಮಾರು ಶೇ 95. ಯಾಕೆಂದರೆ ಏರಿಳಿತಗಳನ್ನು ವರ್ಗ ಮಾಡಿ ಕೂಡಬೇಕು: 0.3ರ ವರ್ಗ 0.09, ಒಂದರಲ್ಲಿ ಉಳಿದದ್ದು 0.91, ಅದರ ವರ್ಗಮೂಲ ಸುಮಾರು 0.95. ಕೂಡದ ಶೇಕಡಾಗಳನ್ನು ಅಕ್ಕಪಕ್ಕ ಇಡುವುದೇ ತಪ್ಪು ಅಂತ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ವೀಲರ್ ಬಹಳ ಕಾಲದಿಂದ ತಕರಾರು ಎತ್ತಿದ್ದಾರೆ. ಅವರ ಮಾತು ಸರಿ.

ಭಾಗಗಳ ಆಯ್ಕೆಯಲ್ಲೂ ಫಲಿತಾಂಶ ತಿರುಗುತ್ತದೆ. ಹತ್ತನ್ನೂ ಒಂದೇ ಗಂಟೆಯ ಉತ್ಪಾದನೆಯಿಂದ ತೆಗೆದರೆ ಭಾಗಗಳ ಏರಿಳಿತ ಕಡಿಮೆಯಾಗಿ ಒಳ್ಳೆಯ ಗೇಜ್ ಕೂಡ ಫೇಲ್ ಆಗಬಹುದು. ಬೇಕಂತಲೇ ಎರಡು ವಿಪರೀತ ಭಾಗ ಸೇರಿಸಿದರೆ ಸಾಧಾರಣ ಗೇಜ್ ಪಾಸ್. ಆಡಿಟ್ ಹಿಂದಿನ ದಿನ ಹಾಗೆ ಆರಿಸಿದ ಭಾಗಗಳಿಂದ ಬಂದ ಶೇಕಡಾ, ನಾಳೆ ಯಾವ ಶಾಫ್ಟ್ ಗುಜರಿಗೆ ಹೋಗಬೇಕು ಅಂತ ಹೇಳಲಾರದು. ಬೇರೆ ಬೇರೆ ದಿನ, ಬೇರೆ ಬೇರೆ ಪಾಳಿಗಳಿಂದ ಭಾಗ ಎತ್ತಿಟ್ಟುಕೊಂಡವರ ವರದಿ ಮಾತ್ರ ಓದಲು ಯೋಗ್ಯ.