‘ದೇ’ ಎಲ್ಲಿಂದ ಬಂತು? ಜರ್ಮ್ಯಾನಿಕ್ ಸರ್ವನಾಮಗಳ ಹಿನ್ನೆಲೆ

ಇಂಗ್ಲಿಷಿನ ‘ದೇ, ದೇರ್, ದೆಮ್’ ವೈಕಿಂಗರ ನಾರ್ಸ್ ಭಾಷೆಯಿಂದ ಬಂದವು ಎಂದು ಪಠ್ಯಪುಸ್ತಕಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಅವು ಇಂಗ್ಲಿಷಿನವೇ ಎಂಬ ವಾದ ಈಚಿನ ವರ್ಷಗಳಲ್ಲಿ ಬಲವಾಗಿ ಕೇಳಿಬಂದಿದೆ. ಎರಡನ್ನೂ ತೂಗಿ ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉತ್ತಮ, ಮಧ್ಯಮ ಪುರುಷಗಳ ವಿಷಯದಲ್ಲಿ ಜಗಳವೇ ಇಲ್ಲ. ‘ನಾನು’ ಎಂಬ ಲ್ಯಾಟಿನ್ ‘ಎಗೊ’ಗೆ ಹಳೆಯ ಜರ್ಮ್ಯಾನಿಕ್ ಭಾಷೆಯಾದ ಗಾಥಿಕ್‌ನ ‘ಇಕ್’, ಸಂಸ್ಕೃತ ‘ತ್ವಂ’, ಲ್ಯಾಟಿನ್ ‘ತೂ’ಗಳಿಗೆ ಗಾಥಿಕ್ ‘ಥು’. ಈ ಭಾಷೆಗಳ ಸಮಾನ ಮೂಲದ ಗಕಾರ ಕಕಾರವಾಗುವುದು, ತಕಾರ ನಾಲಿಗೆ ಹಲ್ಲಿಗೆ ತಾಗಿ ಹೊರಡುವ ಉಸಿರಿನ ಧ್ವನಿಯಾಗುವುದು ಇಂಗ್ಲಿಷ್, ನಾರ್ಸ್, ಗಾಥಿಕ್ ಸೇರುವ ಜರ್ಮ್ಯಾನಿಕ್ ಶಾಖೆಯ ನಿಯಮ. ‘ವಯಂ’ಗೆ ‘ವೀಸ್’, ‘ಯೂಯಂ’ಗೆ ‘ಯೂಸ್’ ಸಮನಾಗಿ ನಿಲ್ಲುತ್ತವೆ. ಸುಮಾರು ಕ್ರಿ.ಶ. 400ರ ಡೆನ್ಮಾರ್ಕಿನ ಗ್ಯಾಲೆಹಸ್ ಚಿನ್ನದ ಕೊಂಬಿನ ಮೇಲಿನ ರೂನಿಕ್ (ಹಳೆಯ ಜರ್ಮ್ಯಾನಿಕ್ ಲಿಪಿಯ) ಬರಹ ಶುರುವಾಗುವುದೇ ‘ಎಕ್’, ಅಂದರೆ ‘ನಾನು’ ಎಂದು. ದ್ವಿವಚನವೂ ಇತ್ತು: ಹಳೆಯ ಇಂಗ್ಲಿಷಿನಲ್ಲಿ ‘ವಿಟ್’ ಎಂದರೆ ನಾವಿಬ್ಬರು. ಇಂಗ್ಲಿಷ್ ಅದನ್ನು 13ನೇ ಶತಮಾನದ ಹೊತ್ತಿಗೆ ಕಳೆದುಕೊಂಡಿತು. ಐಸ್‌ಲ್ಯಾಂಡಿಕ್‌ನಲ್ಲಿ ಅದೇ ರೂಪ ಇಂದು ಸಾಮಾನ್ಯ ಬಹುವಚನ.

ತೊಡಕಿರುವುದು ಪ್ರಥಮ ಪುರುಷದಲ್ಲಿ. ಕನ್ನಡದ ಅವನು, ಅವಳು, ಅದು ದೂರವನ್ನು ತೋರಿಸುವ ‘ಅ’ದಿಂದ ಆದಂತೆ, ಜರ್ಮ್ಯಾನಿಕ್ ಭಾಷೆಗಳೂ ಇಲ್ಲಿ ದರ್ಶಕ ಪದಗಳನ್ನೇ ಬಳಸಿದವು. ಆದರೆ ಎಲ್ಲವೂ ಒಂದೇ ಪದವನ್ನು ಆರಿಸಲಿಲ್ಲ. ಗಾಥಿಕ್ ‘ಇಸ್’ ಲ್ಯಾಟಿನ್ನಿನ ‘ಇಸ್’ನ ಬಂಧು. ಹಳೆಯ ಇಂಗ್ಲಿಷಿನ ‘ಹೇ’ ಹತ್ತಿರದ್ದನ್ನು ತೋರಿಸುವ ಬೇರೊಂದು ಬುಡದಿಂದ ಹುಟ್ಟಿದ್ದು. ನಾರ್ಸ್ ಬಹುವಚನಕ್ಕೆ, ಅಂದರೆ ‘ಅವರು’ ಎನ್ನಲು, ‘ಥೇಯ್ರ್’ ಇಟ್ಟುಕೊಂಡಿತು.

ಹಳೆಯ ಇಂಗ್ಲಿಷಿನ ಪಟ್ಟಿಯನ್ನು ಬರೆದು ನೋಡಿದರೆ ಒಳಗಿನ ಅಪಾಯ ಕಾಣುತ್ತದೆ. ಅವನು ‘ಹೇ’, ಅವಳು ‘ಹೇಒ’, ಅವರು ‘ಹೀಎ’ ಅಥವಾ ‘ಹೀ’. ಅವಳ ‘ಹಿರೆ’, ಅವರ ‘ಹಿರ’. ಅವನಿಗೆ ‘ಹಿಮ್’, ಅವರಿಗೂ ‘ಹಿಮ್’. ಸ್ವರಗಳು ಸವೆದು 12ನೇ ಶತಮಾನದ ಹೊತ್ತಿಗೆ ಎಷ್ಟೋ ಕಡೆ ಅವನು, ಅವಳು, ಅವರು ಕಿವಿಗೆ ಒಂದೇ ಆದರು. ಕ್ರಿಯಾಪದ ನೆರವಿಗೆ ಬರಬಹುದಿತ್ತು. ಇಂಗ್ಲೆಂಡಿನ ನಡುಭಾಗದಲ್ಲಿ ಏಕವಚನಕ್ಕೂ ಬಹುವಚನಕ್ಕೂ ಬೇರೆ ಬೇರೆ ಪ್ರತ್ಯಯ ಇತ್ತು. ಉತ್ತರದಲ್ಲಿ ಎರಡಕ್ಕೂ ‘-ಎಸ್’ ಬರತೊಡಗಿದ್ದರಿಂದ ವಚನ ತಿಳಿಸುವ ಹೊರೆಯೆಲ್ಲ ಸರ್ವನಾಮದ ಮೇಲೆ ಬಿತ್ತು. ಹೊಸ ರೂಪ ಮೊದಲು ಬೇರೂರಿದ್ದು ಉತ್ತರದಲ್ಲೇ ಎಂಬುದನ್ನು ಇದರ ಜೊತೆಗಿಟ್ಟು ಓದಬೇಕು.

ಸುಮಾರು 1155ರ ಪೀಟರ್‌ಬರೋ ಕ್ರಾನಿಕಲ್ ಎಂಬ ವಾರ್ಷಿಕ ವೃತ್ತಾಂತದ ಭಾಗದಲ್ಲಿ ‘ಶೀ’ (ಅವಳು) ಪದದ ಪೂರ್ವರೂಪ ಮೊದಲು ಕಾಣುತ್ತದೆ. 12ನೇ ಶತಮಾನದ ಕೊನೆಗೆ ಓರ್ಮ್ ಎಂಬ ಸನ್ಯಾಸಿಯ ಬರಹದಲ್ಲಿ ‘ಥೆಯ್’ ಸಿಗುತ್ತದೆ. ಹ್ರಸ್ವ ಸ್ವರದ ಮುಂದಿನ ವ್ಯಂಜನವನ್ನು ಇಮ್ಮಡಿಸಿ ಬರೆಯುವವನಾದ್ದರಿಂದ ಉಚ್ಚಾರಣೆಗೆ ಅವನ ಸಾಕ್ಷ್ಯ ಬೆಲೆಯುಳ್ಳದ್ದು. ಅವನು ಕರ್ತೃವಿಗೆ ‘ಥೆಯ್’ ಎನ್ನುತ್ತಾನೆ, ‘ಅವರಿಗೆ’ ಎನ್ನಲು ಹಳೆಯ ‘ಹೆಮ್’ ಅನ್ನು ಬಿಟ್ಟಿಲ್ಲ. ಎರಡು ಶತಮಾನದ ನಂತರ ಲಂಡನ್ನಿನ ಕವಿ ಚಾಸರ್‌ನಲ್ಲೂ ‘ದೇ’ ಬಂದಿದೆ, ‘ಹಿರ್’ (ಅವರ), ‘ಹೆಮ್’ ಉಳಿದಿವೆ. ದಕ್ಷಿಣಕ್ಕೆ ಮೊದಲು ಇಳಿದದ್ದು ಪ್ರಥಮಾ ವಿಭಕ್ತಿ, ಆಮೇಲೆ ಷಷ್ಠಿ, ಕೊನೆಗೆ ‘ದೆಮ್’. ಮೂರೂ ಒಂದೇ ಗಂಟಾಗಿ ಬಂದವೆಂಬ ಸರಳ ಚಿತ್ರಕ್ಕೆ ಇದು ಹೊಂದುವುದಿಲ್ಲ.

ನಾರ್ಸ್ ಪಕ್ಷದ ಗಟ್ಟಿ ಆಧಾರ ‘ಎಯ್’ ಎಂಬ ಸಂಧ್ಯಕ್ಷರ (ಕೂಡುಸ್ವರ). ಇಂಗ್ಲಿಷಿನದೇ ಆದ ದರ್ಶಕ ‘ಥಾ’ ನೇರವಾಗಿ ಬೆಳೆದಿದ್ದರೆ ದಕ್ಷಿಣದಲ್ಲಿ ‘ಥೋ’ ಆಗಬೇಕಿತ್ತು. ಆ ‘ಥೋ’ ಕೂಡ ‘ಆ’ ಎಂಬ ದರ್ಶಕವಾಗಿ ಬಳಕೆಯಲ್ಲಿತ್ತು. ಇನ್ನೊಂದು ಪಕ್ಷ ಹೇಳುವುದು: ‘ಥಾ, ಥಾರ, ಥಾಮ್’ ಎಂಬ ದರ್ಶಕಗಳನ್ನು ಹಳೆಯ ಇಂಗ್ಲಿಷ್ ಆಗಲೇ ‘ಅವರು’ ಎಂಬ ಅರ್ಥದಲ್ಲೂ ಬಳಸುತ್ತಿತ್ತು, ಹೊರಗಿನಿಂದ ತರುವ ಅಗತ್ಯವೇ ಇರಲಿಲ್ಲ. ಇವು ಒಂದನ್ನೊಂದು ತಳ್ಳಿಹಾಕಬೇಕಿಲ್ಲ. ಒಂದೇ ಮೂಲದ ಎರಡು ಭಾಷೆಗಳು ಇಂಗ್ಲೆಂಡಿನಲ್ಲಿದ್ದ ಡೇನರ (ವೈಕಿಂಗರ) ವಸಾಹತುಗಳಲ್ಲಿ ಅಕ್ಕಪಕ್ಕ ಇದ್ದವು. ಮನೆಯ ‘ಥಾ’ ಜಾಗ ತೆರೆದಿತ್ತು, ನೆರೆಯ ‘ಥೇಯ್ರ್’ ಅದಕ್ಕೆ ಸ್ವರ ಕೊಟ್ಟಿತು ಎನ್ನುವುದೇ ಇರುವ ಸಾಕ್ಷ್ಯಕ್ಕೆ ಹೆಚ್ಚು ಹೊಂದುತ್ತದೆ. ಹಳೆಯ ‘ಹೆಮ್’ ಅಂತೂ ಪೂರ್ತಿ ಸಾಯಲಿಲ್ಲ. ಇಂದಿನ ಆಡುಮಾತಿನ ‘ಎಮ್’ ಅದರ ನೇರ ಉಳಿಕೆ, ‘ದೆಮ್’ನ ಮೊಟಕು ರೂಪವಲ್ಲ.