ಡೀಸೆಲ್ ಕಾರಿನ ಟೈಮಿಂಗ್ ಬೆಲ್ಟ್ ತುಂಡಾಗಿದೆಯೇ? ಹೆಡ್ ಇಳಿಸುವ ಮೊದಲು ಖಚಿತಪಡಿಸಿಕೊಳ್ಳುವುದು ಹೇಗೆ?

ಓದುಗರ ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ ಡೀಸೆಲ್ ಕಾರು. ಓಡಿರುವುದು 62,000 ಕಿ.ಮೀ. ಮಾತ್ರ. ಕಳೆದ ವಾರ ಹೆಬ್ಬಾಳ ಮೇಲ್ಸೇತುವೆ ಇಳಿಯುವಾಗ ಎಂಜಿನ್ ಒಮ್ಮೆಲೇ ನಿಂತುಹೋಯಿತು. ಟೋಯಿಂಗ್ ಮಾಡಿಸಿ ಗ್ಯಾರೇಜಿಗೆ ಬಿಟ್ಟಿದ್ದೇನೆ. ಟೈಮಿಂಗ್ ಬೆಲ್ಟ್ ಹೋಗಿದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅದು ನಿಜವೇ ಎಂದು ಹೇಗೆ ತಿಳಿದುಕೊಳ್ಳಲಿ?

ಉತ್ತರ: ಈ ಬರಹವನ್ನು ಪೂರ್ತಿ ಓದುವ ಮೊದಲೇ ಗ್ಯಾರೇಜಿಗೆ ಒಂದು ಫೋನ್ ಮಾಡಿ, ಕಾರಣ ತಿಳಿಯುವವರೆಗೆ ಯಾರೂ ಸೆಲ್ಫ್ ಹೊಡೆಯಬಾರದು, ತಳ್ಳಿಯೂ ಸ್ಟಾರ್ಟ್ ಮಾಡಬಾರದು ಎಂದು ಹೇಳಿಬಿಡಿ. ಬೆಲ್ಟ್ ತುಂಡಾದ ಕ್ಷಣದಲ್ಲಿ, ಸಿಲಿಂಡರಿಗೆ ಗಾಳಿ ಬಿಟ್ಟು ಹೊಗೆ ಹೊರಹಾಕುವ ವಾಲ್ವ್‌ಗಳಲ್ಲಿ ಎರಡಷ್ಟೇ ಬಾಗಿದ್ದರೆ, ಆಮೇಲೆ ಮತ್ತೆ ಮತ್ತೆ ಸೆಲ್ಫ್ ಹೊಡೆದು ಉಳಿದವನ್ನೂ ಬಗ್ಗಿಸಿಕೊಂಡವರು ಬಹಳ ಮಂದಿ ಇದ್ದಾರೆ.

ನಿಮ್ಮ ಕಾರಿನಲ್ಲಿ ಇರುವುದು ಬೆಲ್ಟೋ, ಅದೇ ಕೆಲಸ ಮಾಡುವ ಲೋಹದ ಚೈನೋ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಡಸ್ಟರ್‌ನ 1.5 ಡಿಸಿಐ, ಪೋಲೋ ಮತ್ತು ವೆಂಟೋದ ಟಿಡಿಐ, ಇಕೋಸ್ಪೋರ್ಟ್‌ನ 1.5 ಟಿಡಿಸಿಐ, ಹಳೆಯ 2.5 ಲೀಟರ್ ಇನ್ನೋವಾ ಇವೆಲ್ಲ ಬೆಲ್ಟ್ ಇರುವ ಎಂಜಿನ್‌ಗಳು. ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಎಂಜಿನ್ ಮತ್ತು ವರ್ನಾದ 1.6 ಸಿಆರ್‌ಡಿಐ ಎಂಜಿನ್‌ಗಳಲ್ಲಿ ಇರುವುದು ಚೈನ್. ಚೈನ್ ಇರುವ ಕಾರಿಗೆ ‘ಬೆಲ್ಟ್ ಹೋಗಿದೆ’ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಬೇಕು.

ಬೆಲ್ಟ್ ತುಂಡಾದರೆ ಡೀಸೆಲ್ ಎಂಜಿನ್ನಿಗೆ ಇಷ್ಟು ಹಾನಿಯಾಗುವುದೇಕೆ ಎಂಬುದು ತಿಳಿದಿದ್ದರೆ ಮುಂದಿನ ಪರೀಕ್ಷೆಗಳ ಅರ್ಥ ತಾನಾಗಿಯೇ ಆಗುತ್ತದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಹಿಂದೆ ಸರಿದಿರಬೇಕು. ಈ ಹೊಂದಾಣಿಕೆಯನ್ನು ಕಾಪಾಡುವುದು ಹಲ್ಲುಗಳಿರುವ ಆ ರಬ್ಬರ್ ಪಟ್ಟಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದು ಹದಿನೆಂಟು ಪಟ್ಟು ಒತ್ತಿ, ಅದರ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳುವಂತೆ ಮಾಡಬೇಕಾಗಿರುವುದರಿಂದ, ಪಿಸ್ಟನ್ ತುದಿ ಮುಟ್ಟಿದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಜಾಗ ಒಂದು ಮಿಲಿಮೀಟರಿನ ಆಸುಪಾಸು. ತೆರೆದ ವಾಲ್ವ್ ಕೆಳಗಿಳಿಯುವುದು ಅದರ ಎಷ್ಟೋ ಪಟ್ಟು. ಬೆಲ್ಟ್ ತುಂಡಾಗಿ ಕ್ಯಾಮ್ ನಿಂತುಬಿಟ್ಟರೆ, ತೆರೆದುಕೊಂಡೇ ಉಳಿದ ವಾಲ್ವ್‌ಗೆ ಮೇಲೇರುವ ಪಿಸ್ಟನ್ ಬಡಿಯದೆ ಬೇರೆ ದಾರಿಯಿಲ್ಲ.

ಮೊದಲ ಸುಳಿವು ಕಾರು ನಿಂತ ರೀತಿಯಲ್ಲೇ ಇದೆ. ಡೀಸೆಲ್ ಸರಿಯಾಗಿ ಬಾರದೆ ನಿಲ್ಲುವ ಕಾರು ಸಾಮಾನ್ಯವಾಗಿ ಮೊದಲು ಎಳೆತ ಕಳೆದುಕೊಳ್ಳುತ್ತದೆ, ಜರ್ಕ್ ಹೊಡೆಯುತ್ತದೆ. ಬೆಲ್ಟ್ ತುಂಡಾದಾಗ ಕೀಲಿ ತಿರುಗಿಸಿ ಆಫ್ ಮಾಡಿದಂತೆ ನಿಲ್ಲುತ್ತದೆ. ಕೆಲವೊಮ್ಮೆ ಬಾನೆಟ್ ಒಳಗಿಂದ ‘ಟಪ್’ ಎಂಬ ಒಂದು ಸದ್ದು ಕೇಳಿಸಿರುತ್ತದೆ. ಆಗ ಆಯಿಲ್ ಮತ್ತು ಬ್ಯಾಟರಿ ದೀಪಗಳು ಹತ್ತುತ್ತವೆ. ಎಂಜಿನ್ ನಿಂತರೆ ಅವು ಹತ್ತಲೇಬೇಕು. ಅದನ್ನೇ ಕಾರಣವೆಂದು ಹಿಡಿದು ಆಯಿಲ್ ಪಂಪ್ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಎರಡನೆಯ ಸುಳಿವು ಶಬ್ದ. ನೀವು ಅಂದು ರಸ್ತೆಯಲ್ಲೇ ಒಂದೆರಡು ಬಾರಿ ಸೆಲ್ಫ್ ಹೊಡೆದಿದ್ದರೆ ಆ ಸದ್ದನ್ನು ನೆನಪಿಸಿಕೊಳ್ಳಿ: ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯ ಒತ್ತಡ) ಇರುವ ಎಂಜಿನ್ ಏರಿಳಿತದ ಲಯದಲ್ಲಿ ತಿರುಗುತ್ತದೆ, ಬೆಲ್ಟ್ ಹೋದ ಎಂಜಿನ್ ತಡೆಯೇ ಇಲ್ಲದೆ, ಹಗುರವಾಗಿ, ಒಂದೇ ಸಮನೆ ಗಿರ್ರೆಂದು ತಿರುಗುತ್ತದೆ.

ಆದರೆ ಇವೆಲ್ಲ ಅನುಮಾನಕ್ಕೆ ಆಧಾರಗಳೇ ಹೊರತು ಪುರಾವೆಯಲ್ಲ. ಪುರಾವೆ ಇರುವುದು ಬೆಲ್ಟಿನ ಮೇಲ್ಭಾಗದ ಪ್ಲಾಸ್ಟಿಕ್ ಕವರಿನ ಕೆಳಗೆ. ಹೆಚ್ಚಿನ ಕಾರುಗಳಲ್ಲಿ ಅದನ್ನು ಬಿಚ್ಚುವುದಕ್ಕೆ ಕೆಲವು ಬೋಲ್ಟು, ಕ್ಲಿಪ್ಪುಗಳನ್ನು ತೆಗೆದರೆ ಸಾಕು. ಹೆಡ್ ಇಳಿಸುವ ಮಾತಿಗೆ ಒಪ್ಪುವ ಮುನ್ನ ನಿಮ್ಮ ಎದುರಿಗೇ ಅದನ್ನು ಬಿಚ್ಚಿಸಿ ನೋಡಿ. ತುಂಡಾದ ಬೆಲ್ಟ್ ಕಣ್ಣಿಗೆ ಬಿದ್ದರೆ ಪ್ರಶ್ನೆ ಮುಗಿಯಿತು. ಬೆಲ್ಟ್ ಇದ್ದಂತೆಯೇ ಕಂಡರೆ ಪ್ರಶ್ನೆ ಇನ್ನೂ ಮುಗಿದಿಲ್ಲ, ಏಕೆಂದರೆ ಕೆಳಗೆ ಕ್ರ್ಯಾಂಕ್ ಪುಲ್ಲಿಯ ಬಳಿ ಹಲ್ಲುಗಳು ಕಿತ್ತುಹೋಗಿ, ಮೇಲೆ ಬೆಲ್ಟ್ ಅಖಂಡವಾಗಿ ಕಾಣುವುದು ಅಪರೂಪವೇನಲ್ಲ. ಆಗ ಮೆಕ್ಯಾನಿಕ್ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ, ಕೈಯಿಂದ ಬಹಳ ನಿಧಾನವಾಗಿ ತಿರುಗಿಸಬೇಕು. ಮೇಲಿನ ಕ್ಯಾಮ್ ಪುಲ್ಲಿಯೂ ಜೊತೆಗೇ ತಿರುಗಬೇಕು. ಕ್ಯಾಮ್ ಅಲುಗದಿದ್ದರೆ ಬೆಲ್ಟ್ ಹಲ್ಲು ಕಳೆದುಕೊಂಡಿದೆ. ತಿರುಗಿಸುವಾಗ ಕೈಗೆ ಗಟ್ಟಿಯಾಗಿ ತಡೆ ಸಿಕ್ಕಿದರೆ ಅಲ್ಲಿಯೇ ನಿಲ್ಲಿಸಬೇಕು. ಎರಡೂ ಒಟ್ಟಿಗೆ ತಿರುಗಿದರೂ ಅವುಗಳ ಸರಿಯಾದ ಸ್ಥಾನ ತೋರಿಸುವ ಟೈಮಿಂಗ್ ಗುರುತುಗಳು ಕೂಡದಿದ್ದರೆ ಬೆಲ್ಟ್ ಒಂದೆರಡು ಹಲ್ಲು ಜಿಗಿದಿದೆ ಎಂದರ್ಥ.

ಈಗಿನ ಗ್ಯಾರೇಜುಗಳಲ್ಲಿ ಕವರ್ ಬಿಚ್ಚುವ ಮೊದಲೇ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕುತ್ತಾರೆ. ಹಾಕಲಿ, ತಪ್ಪಿಲ್ಲ. ಕ್ರ್ಯಾಂಕ್ ತಿರುಗುತ್ತಿದ್ದು ಕ್ಯಾಮ್ ಸೆನ್ಸರಿನಿಂದ ಸಂಕೇತ ಬಾರದಿದ್ದರೆ ಪಿ0340, ಎರಡರ ನಡುವೆ ಹೊಂದಾಣಿಕೆ ತಪ್ಪಿದ್ದರೆ ಪಿ0016 ಎಂಬ ಕೋಡ್ ಬರುತ್ತದೆ. ಆದರೆ ಸೆನ್ಸರ್ ಕೆಟ್ಟರೂ, ಅದರ ವೈರ್ ತುಂಡಾದರೂ ಬರುವುದು ಅದೇ ಪಿ0340. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುತ್ತಿದ್ದ ನನ್ನ ಪರಿಚಿತರೊಬ್ಬರಿಗೆ ಹೀಗೆಯೇ ಆಯಿತು. ಕೋಡ್ ನೋಡಿದ ಗ್ಯಾರೇಜು ಹೆಡ್ ಇಳಿಸಲು ಸಿದ್ಧವಾಗಿತ್ತು, ಕವರ್ ಬಿಚ್ಚಿದರೆ ಬೆಲ್ಟ್ ಗಟ್ಟಿಯಾಗಿಯೇ ಇತ್ತು, ಇಲಿ ಕಡಿದುಹಾಕಿದ್ದು ಕ್ಯಾಮ್ ಸೆನ್ಸರಿನ ವೈರನ್ನು. ಅಂದಿನಿಂದ, ಕೋಡ್ ಒಂದನ್ನೇ ನಂಬಿ ಎಂಜಿನ್ ಬಿಚ್ಚಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಬೆಲ್ಟ್ ಹೋಗಿರುವುದು ಖಚಿತವಾಯಿತು ಎಂದುಕೊಳ್ಳೋಣ. ಹಾಗಿದ್ದರೂ ಹೆಡ್ ಇಳಿಸುವುದು ತಕ್ಷಣದ ಹೆಜ್ಜೆಯಲ್ಲ. ಕೆಲವು ಎಂಜಿನ್‌ಗಳಲ್ಲಿ ಕ್ಯಾಮ್ ಮತ್ತು ವಾಲ್ವ್ ನಡುವಿನ ರಾಕರ್ ಆರ್ಮ್‌ಗಳು ಮುರಿದು ವಾಲ್ವ್‌ಗಳನ್ನು ಉಳಿಸುತ್ತವೆ. ನಿಧಾನ ವೇಗದಲ್ಲಿ ತುಂಡಾಗಿದ್ದರೆ ಕೆಲವೇ ವಾಲ್ವ್‌ಗಳು ಬಾಗಿರಬಹುದು. ಹೀಗಾಗಿ ಮೊದಲು ಹೆಡ್ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್ ತೆಗೆದು ರಾಕರ್‌ಗಳನ್ನೂ ವಾಲ್ವ್ ತುದಿಗಳನ್ನೂ ನೋಡಬೇಕು; ಬಾಗಿದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳಲಾರದೆ ಕೆಳಗೇ ಉಳಿದು, ಅಲ್ಲಿ ಎದ್ದು ಕಾಣುವಷ್ಟು ಸಡಿಲ ಬಿಟ್ಟಿರುತ್ತದೆ. ಮೇಲೆ ಎಲ್ಲವೂ ಸರಿಯಿದ್ದಂತೆ ಕಂಡರೆ, ನಾಲ್ಕೂ ಪಿಸ್ಟನ್‌ಗಳು ಸಿಲಿಂಡರಿನ ನಡುವಿಗೆ ಬರುವಂತೆ ಕ್ರ್ಯಾಂಕನ್ನು ಅದರ ಗುರುತಿನಿಂದ ಕಾಲು ಸುತ್ತು ಹಿಂದಕ್ಕೆ ತಂದು, ಕ್ಯಾಮನ್ನು ಅದರ ಗುರುತಿಗೆ ನಿಲ್ಲಿಸಿ, ಆಮೇಲೆ ಕ್ರ್ಯಾಂಕನ್ನು ಗುರುತಿಗೆ ತಂದು ಪರೀಕ್ಷೆಗೆಂದು ಬೆಲ್ಟ್ ಹಾಕಬಹುದು. ಅನಂತರ ಎರಡು ಪೂರ್ತಿ ಸುತ್ತು ಕೈಯಿಂದ ತಿರುಗಿಸಿ, ಎಲ್ಲಿಯೂ ತಡೆ ಇಲ್ಲವೆಂದಾದರೆ ಮಾತ್ರ ಕಂಪ್ರೆಷನ್ ಪರೀಕ್ಷೆ. ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರನ್ನು ಬಿಸಿ ಮಾಡುವ ಪ್ಲಗ್) ತೆಗೆದ ರಂಧ್ರದಲ್ಲಿ ಡೀಸೆಲ್‌ಗೆಂದೇ ಇರುವ ಗೇಜ್ ಹಾಕಬೇಕು. ಪೆಟ್ರೋಲ್ ಕಾರಿನ ಗೇಜು ಈ ಒತ್ತಡಕ್ಕೆ ಸಾಲದು. ಆರೋಗ್ಯವಾಗಿರುವ ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 20ರಿಂದ 30 ಬಾರ್ ಒತ್ತಡ ಇರುತ್ತದೆ. ಒಂದು ಸಿಲಿಂಡರಿನಲ್ಲಿ ತೀರಾ ಕಡಿಮೆ ಬಂದರೆ, ಅದೇ ರಂಧ್ರದಿಂದ ಗಾಳಿ ತುಂಬಿ ಅದು ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಟ್ಟು ಕೇಳಬೇಕು: ಏರ್ ಫಿಲ್ಟರ್ ಕಡೆ ಸದ್ದು ಬಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಮುಚ್ಚಳದ ಬಳಿ ಬಂದರೆ ಪಿಸ್ಟನ್ ರಿಂಗ್. ವಾಲ್ವ್ ಬಾಗಿರುವುದು ಹೀಗೆ ತೋರಿಬಂದರೆ ಹೆಡ್ ಇಳಿಸಲೇಬೇಕು. ಆಗ ಮೆಕ್ಯಾನಿಕ್ ಹೇಳಿದ್ದು ಸರಿ, ಮತ್ತು ಆ ಖರ್ಚು ವ್ಯರ್ಥವಲ್ಲ.

ನನ್ನ ಅನುಭವದಲ್ಲಿ ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇನ್ನೊಂದಿದೆ: ಬೆಲ್ಟ್ ಏಕೆ ತುಂಡಾಯಿತು? ಹಳೆಯ ಬೆಲ್ಟನ್ನು ಎಸೆಯಲು ಬಿಡಬೇಡಿ, ಕೈಗೆ ತೆಗೆದುಕೊಂಡು ನೋಡಿ. ಮೈಯೆಲ್ಲ ಬಿರುಕು ಬಿಟ್ಟು, ತುಂಡಾದ ಕಡೆ ನೂಲು ಎದ್ದಿದ್ದರೆ ಅದಕ್ಕೆ ವಯಸ್ಸಾಗಿತ್ತು. ಒಂದೇ ಜಾಗದ ನಾಲ್ಕೈದು ಹಲ್ಲುಗಳು ಬುಡಸಮೇತ ಕಿತ್ತಿದ್ದರೆ ಯಾವುದೋ ಪುಲ್ಲಿ ತಿರುಗದೆ ಕಚ್ಚಿಕೊಂಡಿದೆ. ಅನೇಕ ಎಂಜಿನ್‌ಗಳಲ್ಲಿ ಇದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವುದರಿಂದ ಮೊದಲ ಅನುಮಾನ ಅದರ ಬೇರಿಂಗಿನ ಮೇಲೆ. ಒಂದು ಅಂಚು ಮಾತ್ರ ಸವೆದಿದ್ದರೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಓರೆಯಾಗಿದೆ. ರಬ್ಬರ್ ಊದಿ ಮೆತ್ತಗಾಗಿದ್ದರೆ ಆಯಿಲ್ ಸೀಲ್ ಸೋರಿದೆ. ಕತ್ತರಿಸಿದಂತೆ ನೇರವಾಗಿ ತುಂಡಾಗಿದ್ದರೆ, ಹಾಕುವಾಗ ಬೆಲ್ಟನ್ನು ಮಡಚಿ ಒಳಗಿನ ನೂಲನ್ನು ಮುರಿದಿರಬಹುದು. ಕೆಲವು ಕಾರುಗಳಲ್ಲಿ ಹೊರಗಿನ ಆಲ್ಟರ್ನೇಟರ್ ಬೆಲ್ಟ್ ಎಳೆ ಎಳೆಯಾಗಿ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಹಿಂದೆ ನುಗ್ಗಿ, ಟೈಮಿಂಗ್ ಬೆಲ್ಟನ್ನು ಜಾಗ ತಪ್ಪಿಸುವುದೂ ಉಂಟು. ಈ ಕಾರಣ ಕಂಡುಹಿಡಿಯದೆ ಹೊಸ ಬೆಲ್ಟ್ ಮಾತ್ರ ಹಾಕಿದರೆ ಅದಕ್ಕೂ ಹಳೆಯದರ ಗತಿಯೇ ಬಂದೀತು.

‘62,000 ಕಿ.ಮೀ. ಮಾತ್ರ’ ಎಂದಿದ್ದೀರಿ. ಬೆಂಗಳೂರಿನಲ್ಲಿ ಓಡಿದ ಕಾರಿಗೆ ಆ ಲೆಕ್ಕ ಸಾಲದು. ತುಮಕೂರು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ, ಪ್ರತಿ ಕಿಲೋಮೀಟರಿಗೆ 1,500 ಸುತ್ತಾಗುತ್ತದೆ. ಸಿಲ್ಕ್ ಬೋರ್ಡ್ ಸುತ್ತಮುತ್ತ ಒಂದು ಗಂಟೆಯಲ್ಲಿ 8 ಕಿ.ಮೀ. ತೆವಳಿದರೆ, ಆಕ್ಸಿಲರೇಟರ್ ಒತ್ತದಿದ್ದಾಗಿನ (ಐಡಲ್) ನಿಮಿಷಕ್ಕೆ 800 ಸುತ್ತಿನಲ್ಲೇ ಲೆಕ್ಕ ಹಾಕಿದರೂ ಪ್ರತಿ ಕಿಲೋಮೀಟರಿಗೆ 6,000 ಸುತ್ತಾಗುತ್ತದೆ. ಬೆಲ್ಟಿನ ಪಾಲಿಗೆ ಅದು ನಾಲ್ಕು ಪಟ್ಟು ದೂರ, ಅದೂ ಗಾಳಿಯಾಡದ ಬಾನೆಟ್ಟಿನ ಬಿಸಿಯಲ್ಲಿ. ಜೊತೆಗೆ ರಬ್ಬರಿಗೆ ವಯಸ್ಸೆಂಬುದಿದೆ. ಕಾರಿನ ಕೈಪಿಡಿಯಲ್ಲಿ ಕಿಲೋಮೀಟರಿನ ಜೊತೆ ವರ್ಷದ ಮಿತಿಯೂ ಇದ್ದರೆ, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಅನ್ವಯ. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆ ಮಾಲಿನ್ಯದ ಬಿಎಸ್ 6 ನಿಯಮ ಬಂದಾಗ ರೆನೋ, ವೋಕ್ಸ್‌ವ್ಯಾಗನ್ ಕಂಪನಿಗಳು ಇಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದವು. ಆದ್ದರಿಂದ ಇಂದು ನಗರದಲ್ಲಿ ಓಡುತ್ತಿರುವ ಡಸ್ಟರ್, ಪೋಲೋ, ವೆಂಟೋ ಡೀಸೆಲ್‌ಗಳ ಪೈಕಿ ಒಮ್ಮೆಯೂ ಬೆಲ್ಟ್ ಬದಲಿಸದವು ಇದ್ದರೆ, ಓಡೋಮೀಟರ್ ಏನೇ ಹೇಳಲಿ, ಅವುಗಳ ಬೆಲ್ಟಿನ ವಯಸ್ಸನ್ನು ಈಗಲೇ ಲೆಕ್ಕ ಹಾಕಬೇಕು.

ದುರಸ್ತಿಯ ವೇಳೆ ಬೆಲ್ಟ್, ಟೆನ್ಷನರ್, ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಬೇರಿಂಗ್ ಮತ್ತು ಅದೇ ಬೆಲ್ಟಿನಿಂದ ತಿರುಗುವುದಾದರೆ ವಾಟರ್ ಪಂಪ್, ಎಲ್ಲವನ್ನೂ ಒಟ್ಟಿಗೇ ಬದಲಿಸಿಕೊಳ್ಳಿ, ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಬಿಡಿ ಬಿಡಿಯಾಗಿ ತರದೆ, ನಿಮ್ಮ ಎಂಜಿನ್ ಸಂಖ್ಯೆ ಹೇಳಿ ಪೂರ್ತಿ ಕಿಟ್ ಕೇಳಿ, ಬಿಲ್ ಪಡೆಯಿರಿ. ಹಳೆಯ ಭಾಗಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಕೊಡುವಂತೆ ಇಂದೇ ಹೇಳಿಡಿ. ಕೆಲಸ ಮುಗಿದ ಮೇಲೆ ಬೆಲ್ಟ್ ಕವರಿನ ಮೇಲೆ ಬದಲಿಸಿದ ದಿನಾಂಕ ಮತ್ತು ಕಿಲೋಮೀಟರ್ ಬರೆದ ಚೀಟಿಯನ್ನು ಅಂಟಿಸಿ.